ಗಾಂಧರ್ವರಿಗೆ ಬಿಟ್ಟ ದತ್ತಿ: ಕಲಬುರಗಿ ಸೀಮೆಯ ಸರ್ಕಾರಿ ಶಾಲೆ ಮತ್ತು ಸಂಗೀತದ ಅವಧಿ

ದತ್ತಿ ಎಂಬ ಮಾತು ಇಂದು ಹೆಚ್ಚಾಗಿ ಕೇಳಿಬರುವುದು ಉಪನ್ಯಾಸ, ಪದಕ, ಬಹುಮಾನಗಳ ಜೊತೆಯಲ್ಲಾದರೂ ಶಾಸನಗಳ ಕನ್ನಡದಲ್ಲಿ ಅದರ ಅರ್ಥ ಇದಕ್ಕಿಂತ ಗಟ್ಟಿಯಾದುದು: ಒಂದು ಕೆಲಸ ವರ್ಷವರ್ಷವೂ ತಪ್ಪದೆ ನಡೆಯಬೇಕೆಂದು, ಅದನ್ನು ಮಾಡುವವರ ಜೀವನಕ್ಕೆ ಭೂಮಿಯನ್ನೋ ಸುಂಕದ ಪಾಲನ್ನೋ ಬಿಟ್ಟು, ಉಳಿಸಿದವರಿಗೆ ಪುಣ್ಯವನ್ನೂ ಅಳಿದವರಿಗೆ ಪಾಪವನ್ನೂ ಹೇಳಿ ಕಲ್ಲಿನಲ್ಲಿ ಬರೆಸುವುದು ದತ್ತಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯಕ್ಕೆ ಕಾರಣಳಾದ ಲೋಕಮಹಾದೇವಿ, ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ, ಹಿಂದೆ ವಿಜಯಾದಿತ್ಯನು ಗಾಂಧರ್ವರಿಗೆ, ಎಂದರೆ ಹಾಡುಗಾರರಿಗೆ, ಕೊಟ್ಟಿದ್ದನ್ನು ಎಂಟನೆಯ ಶತಮಾನದಲ್ಲಿ ಮತ್ತೆ ದೃಢಪಡಿಸಿದ ಸಂಗತಿ ಅಲ್ಲಿಯ ಕನ್ನಡ ಶಾಸನದಲ್ಲಿ ದಾಖಲಾಗಿದೆ. ಆ ಶಾಸನದಲ್ಲಿ ಸಂಗೀತದ ಮಹಿಮೆಯ ವರ್ಣನೆಗಿಂತ ಹಾಡುವವರ ಹಕ್ಕಿನ ಮಾತೇ ಮುಖ್ಯವಾಗಿರುವುದು ಗಮನಿಸಬೇಕಾದ ಅಂಶ. ಸಾರ್ವಜನಿಕ ಶಿಕ್ಷಣದಲ್ಲಿ ಸಂಗೀತದ ಸ್ಥಾನವನ್ನು ಕುರಿತ ಇಂದಿನ ಚರ್ಚೆಯಲ್ಲಿ ಮಹಿಮೆಯ ಮಾತು ಬೇಕಾದಷ್ಟಿದ್ದು ಹಕ್ಕಿನ ಮಾತು ಬಹುಮಟ್ಟಿಗೆ ಕಾಣೆಯಾಗಿರುವುದರಿಂದ, ಕಲಬುರಗಿ ನಗರ ಮತ್ತು ಕಮಲಾಪುರದ ಸುತ್ತಲಿನ ಸರ್ಕಾರಿ ಶಾಲೆಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ಉಪನ್ಯಾಸ ಎರಡು ಒಣ ಸಂಗತಿಗಳ ಸುತ್ತಲೇ ಸುತ್ತುತ್ತದೆ: ಒಂದು ಹುದ್ದೆ, ಒಂದು ಅವಧಿ.

ವಿದ್ಯೆಗೆ ಹುದ್ದೆ ಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನ, ಎಂದರೆ ಉನ್ನತ ವಿದ್ಯಾಕೇಂದ್ರ, 11ನೆಯ ಶತಮಾನದಲ್ಲಿ ವೇದ ಶಾಸ್ತ್ರಗಳ ಉಪಾಧ್ಯಾಯರಿಗೆ ಮಾತ್ರವಲ್ಲದೆ ಸರಸ್ವತೀ ಭಂಡಾರಿಗರಿಗೂ, ಎಂದರೆ ಗ್ರಂಥಗಳನ್ನು ಕಾಯುವವರಿಗೂ, ಜೀವನೋಪಾಯವನ್ನು ಗೊತ್ತುಮಾಡಿತ್ತು. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದ್ ದಾಟಿ ಹೋದರೆ ಸಿಗುವ ಬಸವಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರ, ತನ್ನ ‘ಮಾನಸೋಲ್ಲಾಸ’ದ ನಾಲ್ಕನೆಯ ವಿಂಶತಿಯಲ್ಲಿ, ಎಂದರೆ ನಾಲ್ಕನೆಯ ಭಾಗದಲ್ಲಿ, ಗೀತ, ವಾದ್ಯ, ನೃತ್ಯಗಳಿಗೆ ಬೇರೆಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟ, ಅವನ ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ಯನ್ನು ಬರೆದ. ಇದೇ ದಾರಿಯ ಮೇಲಿನ ಮಾಣಿಕನಗರದ ಮಾಣಿಕಪ್ರಭುಗಳ ಸಂಸ್ಥಾನ 19ನೆಯ ಶತಮಾನದಿಂದ ಗಾಯಕರಿಗೆ ಆಶ್ರಯವಾಗಿ ಬಂದಿದೆ. 1400ರ ಆಸುಪಾಸಿನಲ್ಲಿ ಕಲಬುರಗಿಗೆ ಬಂದು 1422ರಲ್ಲಿ ಇಲ್ಲಿಯೇ ತೀರಿಕೊಂಡ ಖ್ವಾಜಾ ಬಂದೇನವಾಜರು ಚಿಸ್ತಿ ಪರಂಪರೆಯವರಾಗಿ ಸಮಾ, ಎಂದರೆ ಆಧ್ಯಾತ್ಮಿಕ ಸಾಧನೆಯಾಗಿ ಹಾಡನ್ನು ಆಲಿಸುವುದನ್ನು, ಒಪ್ಪಿಕೊಂಡಿದ್ದವರು. ಕಲಬುರಗಿಯ ಕೋಟೆ ನೋಡಲು ಸಾಲುಗಟ್ಟಿ ಬರುವ ಶಾಲಾ ಮಕ್ಕಳಿಗೆ ಅಲ್ಲಿಯ ತೋಪಿನ ಉದ್ದ ತಿಳಿಯುತ್ತದೆ, ಒಳಗಿನ ಜಾಮಿಯಾ ಮಸೀದಿ 1367ರದು ಎಂಬುದೂ ತಿಳಿಯುತ್ತದೆ. ಆ ಕೋಟೆಯ ಸುತ್ತಲಿನ ಊರು ಆರೂವರೆ ಶತಮಾನ ಏನನ್ನು ಹಾಡಿತು, ಏನನ್ನು ಕೇಳಿತು ಎಂಬುದು ಮಾತ್ರ ತಿಳಿಯದೆ ಉಳಿಯುತ್ತದೆ.

ಹೀಗೆಂದು ಪರಂಪರೆಯ ಪಟ್ಟಿಯನ್ನು ಬೆಳೆಸುತ್ತ ಹೋಗುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಪರಂಪರೆ ದೊಡ್ಡದಾದಷ್ಟೂ ಅದು ತಾನಾಗಿಯೇ ಮಕ್ಕಳಿಗೆ ದಾಟುತ್ತದೆ ಎಂಬ ಭ್ರಮೆಯೂ ದೊಡ್ಡದಾಗುತ್ತದೆ. ನೋಡಬೇಕಾದದ್ದು ಬೆಳಗಿನ ಪ್ರಾರ್ಥನೆಯ ಸಾಲನ್ನು.

ಒಂದು ಸಾಮಾನ್ಯ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ, ಏಳನೆಯ ತರಗತಿಯ ಇಬ್ಬರು ಹುಡುಗಿಯರು ಮುಂದೆ ನಿಂತು, ಯಾವ ಶ್ರುತಿಯೂ ಇಲ್ಲದೆ, ತಮ್ಮ ಬಾಯಿಗೆ ಆ ಗಳಿಗೆಯಲ್ಲಿ ಬಂದ ಎತ್ತರದಲ್ಲಿ ನಾಡಗೀತೆಯನ್ನು ಎತ್ತಿಕೊಳ್ಳುತ್ತಾರೆ. ಶ್ರುತಿ ಎಂದರೆ ಹಾಡಿನ ಎಲ್ಲ ಸ್ವರಗಳೂ ಯಾವುದನ್ನು ನೆಲೆಯಾಗಿಟ್ಟುಕೊಂಡು ಏರಿಳಿಯುತ್ತವೆಯೋ ಆ ಆಧಾರಸ್ವರ. ಈ ಭಾಗದ ಭಜನೆಯವರು ಅದನ್ನು ಪೇಟಿಯ, ಎಂದರೆ ಹಾರ್ಮೋನಿಯಮ್ಮಿನ, ಮನೆಗಳ ಲೆಕ್ಕದಲ್ಲಿ ‘ಕರಿ ಒಂದು’, ‘ಕರಿ ಎರಡು’, ‘ಬಿಳಿ ನಾಲ್ಕು’ ಎಂದು ಹೇಳುತ್ತಾರೆ. ಮೈಕಿನ ಮುಂದೆ ನಿಂತ ಉತ್ಸಾಹದಲ್ಲಿ ಮೊದಲ ಸಾಲನ್ನೇ ಎರಡು ಮನೆ ಮೇಲೆ ಹಿಡಿದುಬಿಟ್ಟರೆ, ಧಾಟಿ ಮೇಲಕ್ಕೇರುವ ನುಡಿಗೆ ಬರುವ ಹೊತ್ತಿಗೆ ಹಿಂದಿನ ಸಾಲುಗಳ ಅರ್ಧದಷ್ಟು ಬಾಯಿಗಳು ಮುಚ್ಚಿರುತ್ತವೆ. ದನಿ ಒಡೆಯುವ ವಯಸ್ಸಿನ ಹುಡುಗರು ಮೊದಲು ನಿಲ್ಲಿಸುತ್ತಾರೆ. ಒಂದಿಬ್ಬರು ಒಂದು ಸ್ಥಾಯಿ ಕೆಳಗಿಳಿದು ಗೊಣಗುತ್ತಾರೆ. ಉಳಿದವರು ತುಟಿ ಆಡಿಸುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ‘ಗಂಟಲಿಲ್ಲದ ಮಕ್ಕಳು’ ಎಂಬ ತೀರ್ಪು ಹೊರಬೀಳುತ್ತದೆ. ಗಂಟಲಿಗೆ ಏನೂ ಆಗಿರುವುದಿಲ್ಲ. ತಪ್ಪಿದ್ದು ಎರಡು ಮನೆಯ ಲೆಕ್ಕ. ಅದನ್ನು ಸರಿಪಡಿಸಲು ಬೇಕಾದದ್ದು ಷಡ್ಜವನ್ನು, ಎಂದರೆ ಆ ಆಧಾರಸ್ವರವನ್ನು, ಹಿಡಿದುಕೊಡಬಲ್ಲ ಒಂದು ಏಕತಾರಿ ಮತ್ತು ಅದನ್ನು ಎಲ್ಲಿ ಹಿಡಿಯಬೇಕೆಂದು ಬಲ್ಲ ಒಬ್ಬ ವ್ಯಕ್ತಿ. ‘ನನಗೆ ಹಾಡು ಬರುವುದಿಲ್ಲ’ ಎಂಬ, ಎಷ್ಟೋ ಜನ ಜೀವನವಿಡೀ ಹೊತ್ತುಕೊಂಡು ತಿರುಗುವ ನಂಬಿಕೆ ಹುಟ್ಟುವುದು ಇಂಥ ಬೆಳಗುಗಳಲ್ಲಿ.

ಶಾಲೆಯ ಹಾಡು ಗಂಭೀರ ವಿಷಯವೆಂಬುದು ಪ್ರಭುತ್ವಗಳಿಗೆ ಗೊತ್ತಿಲ್ಲದ ಮಾತೇನಲ್ಲ. ಕಲಬುರಗಿ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಕಾಲದಲ್ಲಿ, 1938ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ನೂರಾರು ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಹಾಡಿಗೆ ಅಷ್ಟು ಹೆದರಿದ ಆಡಳಿತ ಹಾಡಿನ ಬಲವನ್ನು ಚೆನ್ನಾಗಿಯೇ ಅಳೆದಿತ್ತು ಎನ್ನಬೇಕು. ಇನ್ನೊಂದು ತುದಿಯಲ್ಲಿ, 2004ರಲ್ಲಿ ನಾಡಗೀತೆಯನ್ನು ಅಂಗೀಕರಿಸಿದ ಕರ್ನಾಟಕ ಸರ್ಕಾರ 2022ರಲ್ಲಿ ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಗೊತ್ತುಪಡಿಸಿತು. ಧಾಟಿ ಯಾವುದು, ಸೆಕೆಂಡು ಎಷ್ಟು ಎಂಬುದಕ್ಕೆ ಆದೇಶವಿದೆ. ಆ ಧಾಟಿಯನ್ನು ಮಗುವಿಗೆ ಕಲಿಸುವವರು ಯಾರು ಎಂಬುದಕ್ಕೆ ಇಲ್ಲ. ಪಾಠ ಹೇಳುವ ಮಾಸ್ತರರೋ ಅಕ್ಕೋರೋ ತಮಗೆ ತಿಳಿದಷ್ಟನ್ನು, ಮೊಬೈಲಿನಲ್ಲಿ ಸಿಕ್ಕಷ್ಟನ್ನು ಹೇಳಿಕೊಡುತ್ತಾರೆ, ಮತ್ತು ಅವರ ಆ ಶ್ರಮವನ್ನು ಹಗುರವಾಗಿ ಕಾಣಬೇಕಾಗಿಲ್ಲ.

ಹಾಗೆ ನೋಡಿದರೆ ಕಾನೂನಿನಲ್ಲಿ ಇದಕ್ಕೊಂದು ಬಾಗಿಲು ತೆರೆದೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ ಅನುಸೂಚಿ, ಎಂದರೆ ಒಂದು ಶಾಲೆಯಲ್ಲಿ ಕನಿಷ್ಠ ಏನೇನಿರಬೇಕೆಂದು ಕೊನೆಯಲ್ಲಿ ಸೇರಿಸಿರುವ ಪಟ್ಟಿ, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಪೂರ್ಣಾವಧಿ ಮುಖ್ಯ ಶಿಕ್ಷಕರೊಬ್ಬರನ್ನೂ, ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರನ್ನೂ ವಿಧಿಸುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಗಳನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿ ಕಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಸಹಪಠ್ಯಗಳ ನಡುವಿನ ಗೋಡೆಯೇ ಬೇಡವೆಂದಿತು. ಕಾಗದದ ಮೇಲೆ ಸಂಗೀತಕ್ಕೆ ಯಾವ ಕೊರತೆಯೂ ಇಲ್ಲವೆಂಬಂತಿದೆ. ಆದರೆ ಕಾಯ್ದೆಯ ಮಾತನ್ನು ಹತ್ತಿರದಿಂದ ಓದಿದರೆ ಎರಡು ಸಂದುಗಳು ಕಾಣುತ್ತವೆ. ‘ಕಲಾ ಶಿಕ್ಷಣ’ ಎಂಬುದರಲ್ಲಿ ಚಿತ್ರಕಲೆಯೂ ಸೇರಿರುವುದರಿಂದ, ಒಬ್ಬರೇ ಬೋಧಕರು ಬಂದಲ್ಲಿ ಅವರು ಚಿತ್ರಕಲೆಯವರಾದರೂ ಕಾಯ್ದೆ ಪಾಲನೆಯಾದಂತೆಯೇ ಆಗುತ್ತದೆ, ಎಸ್. ಎಂ. ಪಂಡಿತರಂಥ ವರ್ಣಚಿತ್ರಕಾರರ ಊರಾದ ಕಲಬುರಗಿಯಲ್ಲಿ ಚಿತ್ರಕಲೆಯ ಕಾಲೇಜುಗಳೂ ಬಲವಾಗಿರುವುದರಿಂದ ಈ ವಾಲಿಕೆ ಸಹಜವೂ ಹೌದು. ಎರಡನೆಯದಾಗಿ, ನೂರು ಮಕ್ಕಳ ಗೆರೆಯ ಕೆಳಗಿರುವ ಊರುಗಳ, ತಾಂಡಾಗಳ ಶಾಲೆಗಳು ಈ ಲೆಕ್ಕಕ್ಕೇ ಬರುವುದಿಲ್ಲ.

ಇದೇ ನಗರದಲ್ಲಿರುವ ಕೇಂದ್ರೀಯ ವಿದ್ಯಾಲಯವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಕೇಂದ್ರೀಯ ವಿದ್ಯಾಲಯಗಳ ಹುದ್ದೆಪಟ್ಟಿಯಲ್ಲಿ ಪ್ರಾಥಮಿಕ ಹಂತಕ್ಕೆ ಸಂಗೀತ ಶಿಕ್ಷಕ ಎಂಬ ಹುದ್ದೆಯಿದೆ; ಪ್ರತಿ ಜಿಲ್ಲೆಯ ಗ್ರಾಮೀಣ ಮಕ್ಕಳಿಗೆಂದೇ ತೆರೆದ ಜವಾಹರ ನವೋದಯ ವಿದ್ಯಾಲಯಗಳಲ್ಲಿಯೂ ಸಂಗೀತಕ್ಕೆ ಹುದ್ದೆಯಿದೆ. ಸಾರ್ವಜನಿಕ ಹಣದಿಂದಲೇ ನಡೆಯುವ ಎರಡು ಬಗೆಯ ಶಾಲೆಗಳಲ್ಲಿ ಒಂದರ ಮಗು ತರಬೇತಾದ ಶಿಕ್ಷಕರಿಂದ ಸ್ವರ ಕಲಿಯುತ್ತದೆ, ಇನ್ನೊಂದರ ಮಗು ಪ್ರತಿಭಾ ಕಾರಂಜಿಯ ವಾರ ಬಂದಾಗ ಹಾಡು ಬಾಯಿಪಾಠ ಮಾಡುತ್ತದೆ. ಪ್ರತಿಭಾ ಕಾರಂಜಿ, ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ನಡೆಯುವ ಸರ್ಕಾರದ ಸ್ಪರ್ಧೆ, ಜನಪದ ಗೀತೆ, ಭಾವಗೀತೆಗಳ ಜೊತೆಗೆ ಕವ್ವಾಲಿ, ಗಜಲುಗಳಿಗೂ ಜಾಗ ಕೊಟ್ಟಿರುವುದು ಮೆಚ್ಚಬೇಕಾದ ಸಂಗತಿ. ಆದರೂ ಸ್ಪರ್ಧೆ ಎಂಬುದು ಎಲ್ಲಿಯೋ ಕಲಿತದ್ದನ್ನು ತೂಗುವ ತಕ್ಕಡಿಯೇ ಹೊರತು ಕಲಿಸುವ ಏರ್ಪಾಡಲ್ಲ. ಮನೆಯಲ್ಲಿ ಹಾಡುವ ತಂದೆಯೋ, ತಿಂಗಳ ಫೀ ಕೊಟ್ಟು ಸೇರಿಸಿದ ಸಂಗೀತ ಪಾಠಶಾಲೆಯೋ ಇರುವ ಮಗು ಗೆಲ್ಲುತ್ತದೆ, ಉಳಿದ ಮೂವತ್ತೊಂಬತ್ತು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಬಿತ್ತನೆಯೇ ನಡೆಯದ ಹೊಲದಲ್ಲಿ ಪ್ರತಿವರ್ಷ ಬೆಳೆ ಪ್ರದರ್ಶನ ಏರ್ಪಡಿಸಿದಂತಿದೆ ಈ ಕ್ರಮ.

ಇಲ್ಲಿ ಎದ್ದು ನಿಲ್ಲುವ ಆಕ್ಷೇಪ ದೊಡ್ಡದು, ಅದನ್ನು ಬದಿಗೆ ಸರಿಸಿ ಹೋಗುವಂತಿಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿಯೇ ಕೊನೆಯ ಸ್ಥಾನದಲ್ಲಿತ್ತು. ಗಣಿತಕ್ಕೆ, ಇಂಗ್ಲಿಷಿಗೆ ಶಿಕ್ಷಕರು ಸಾಲದೆ ಅತಿಥಿ ಶಿಕ್ಷಕರ ಮೇಲೆ ಶಾಲೆಗಳು ನಡೆಯುತ್ತಿರುವಾಗ ಹಾಡಿಗೊಂದು ಹುದ್ದೆ ಕೇಳುವುದು ಹಸಿದವನ ಮುಂದೆ ಅತ್ತರು ಹಿಡಿದಂತೆ ಎಂದು ಯಾರಾದರೂ ಹೇಳಿದರೆ ಆ ಮಾತಿನಲ್ಲಿ ನೋವಿದೆ, ಹುರುಳೂ ಇದೆ. ಇದಕ್ಕೆ ಸಂಗೀತದ ಪರವಾಗಿ ಸಾಮಾನ್ಯವಾಗಿ ಕೊಡುವ ಉತ್ತರ, ಸಂಗೀತ ಕಲಿತರೆ ಬುದ್ಧಿ ಚುರುಕಾಗಿ ಅಂಕ ಹೆಚ್ಚುತ್ತದೆ ಎಂಬುದು. ಆ ಉತ್ತರವನ್ನು ನೆಚ್ಚದಿರುವುದು ಲೇಸು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಪ್ರಯೋಗ, ಮೊಜಾರ್ಟನ ಸಂಗೀತವನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರ ಸಂಬಂಧಿ ಸಮಸ್ಯೆಗಳನ್ನು ಅಲ್ಪಕಾಲ ತುಸು ಚೆನ್ನಾಗಿ ಬಿಡಿಸಿದರೆಂದು ಹೇಳಿದ್ದೇ ತಡ, ಅಮೆರಿಕದ ಜಾರ್ಜಿಯಾ ರಾಜ್ಯ ಹುಟ್ಟಿದ ಮಕ್ಕಳಿಗೆಲ್ಲ ಸಂಗೀತದ ಧ್ವನಿಮುದ್ರಿಕೆ ಹಂಚುವವರೆಗೆ ವಿಷಯ ಬೆಳೆಯಿತು. ಮುಂದೆ ಹಲವರು ಅದೇ ಪ್ರಯೋಗ ಮಾಡಿದಾಗ ಆ ಪರಿಣಾಮ ನಿಲ್ಲಲಿಲ್ಲ. ಅಂಕದ ಆಸೆ ತೋರಿಸಿ ತಂದ ವಿಷಯ ಅಂಕ ಬಾರದ ದಿನ ಹೊರಗೆ ಬೀಳುತ್ತದೆ. ಸಂಗೀತವನ್ನು ಕಲಿಸಬೇಕಾದದ್ದು ಅದು ಸಂಗೀತವಾದ್ದರಿಂದ. ಕಿವಿ ಇರುವ ಮಗುವಿಗೆ ಸ್ವರವನ್ನು ಗುರುತಿಸುವ, ಕೈ ಇರುವ ಮಗುವಿಗೆ ಲಯ ಹಿಡಿಯುವ ಅವಕಾಶವನ್ನು ಬಡತನದ ಕಾರಣಕ್ಕೆ ತಪ್ಪಿಸಕೂಡದೆಂಬುದು ಕಣ್ಣಿರುವ ಮಗುವಿಗೆ ಅಕ್ಷರ ತಪ್ಪಿಸಕೂಡದೆಂಬಷ್ಟೇ ನೇರವಾದ ಮಾತು.

ಹೀಗಿದ್ದೂ, ಶಾಲೆ ಈಗಾಗಲೇ ಕಲಿಸುತ್ತೇನೆಂದು ಒಪ್ಪಿಕೊಂಡಿರುವ ಒಂದು ವಿಷಯ ಸಂಗೀತವಿಲ್ಲದೆ ಹೇಗೆ ಕುಂಟುತ್ತಿದೆ ಎಂಬುದನ್ನು ತೋರಿಸಬಹುದು. ಅದು ಕನ್ನಡ ಛಂದಸ್ಸು. ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಪದ್ಯದ ಸಾಲಿಗೆ ಪ್ರಸ್ತಾರ ಹಾಕುತ್ತಾನೆ, ಎಂದರೆ ಅಕ್ಷರಗಳ ನೆತ್ತಿಯ ಮೇಲೆ ಒಂದು ಮಾತ್ರೆಯ ಲಘುವಿಗೆ ಅರ್ಧಚಂದ್ರದ, ಎರಡು ಮಾತ್ರೆಯ ಗುರುವಿಗೆ ಅಡ್ಡಗೆರೆಯ ಗುರುತು ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆದು ಅಂಕ ಪಡೆಯುತ್ತಾನೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಲಕ್ಷಣ ಅವನ ಬಾಯಲ್ಲಿದೆ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಗಳ ಗಣಗಳು, ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರು ನಾಲ್ಕರ ಮೂರು ಜೋಡಿ, ಕೊನೆಗೊಂದು ಗುರು. ಕೂಡಿದರೆ ಒಟ್ಟು 102 ಮಾತ್ರೆ. ಈ ವಿದ್ಯಾರ್ಥಿಯ ಮುಂದೆ ತಬಲಾ ಬಲ್ಲವರೊಬ್ಬರು ಕುಳಿತು ಹಿಂದೂಸ್ತಾನಿ ಪದ್ಧತಿಯ ರೂಪಕ ತಾಳವನ್ನು, ಎಂದರೆ ಮೂರು, ಎರಡು, ಎರಡು ಎಂದು ಒಡೆಯುವ ಏಳು ಮಾತ್ರೆಯ ಆವರ್ತವನ್ನು, ಹಿಡಿದರೆ ಮೂರು ನಾಲ್ಕರ ಒಂದು ಜೋಡಿ ಅದರಲ್ಲಿ ಮುಚ್ಚಳ ಕೂತಂತೆ ಕೂರುತ್ತದೆ. ಚಿಕ್ಕ ಸಾಲಿಗೆ ಎರಡು ಆವರ್ತ. ದೊಡ್ಡ ಸಾಲು 23 ಮಾತ್ರೆಯದು, ಮೂರು ಆವರ್ತಗಳಾಗಿ ಎರಡು ಮಾತ್ರೆ ಮಿಗುತ್ತದೆ. ಆ ಕೊನೆಯ ಗುರುವನ್ನು ಹಾಡುವವರು ಐದು ಮಾತ್ರೆ ಎಳೆದೋ ಉಸಿರು ತೆಗೆದುಕೊಂಡೋ ನಾಲ್ಕನೆಯ ಆವರ್ತವನ್ನು ತುಂಬುತ್ತಾರೆ. ಹೀಗೆ ಬರೆದ 102 ಮಾತ್ರೆ ತಾಳದಲ್ಲಿ ಹಾಡಿದಾಗ 112 ಆಗುತ್ತದೆ. ಆ ಹೆಚ್ಚಿನ ಹತ್ತು ಮಾತ್ರೆಗಳು ವ್ಯಾಕರಣದ ಪುಸ್ತಕದಲ್ಲಿಲ್ಲ. ಕಥೆ ನಿಂತು ಕೇಳುವವನ ಮುಖ ನೋಡುವುದು ಅಲ್ಲಿಯೇ. ಷಟ್ಪದಿಯನ್ನು ಕಾಗದದ ಮೇಲೆ ಮಾತ್ರ ಕಂಡ ಮಗುವಿಗೆ ಮೂರನೆಯ ಸಾಲು ಏಕೆ ಉದ್ದವೆಂಬುದು ಎಂದಿಗೂ ತಿಳಿಯುವುದಿಲ್ಲ. ಐದು ಮಾತ್ರೆಗಳ ಗಣಗಳಿಂದಾದ ವಾರ್ಧಕ ಷಟ್ಪದಿ ಹತ್ತು ಮಾತ್ರೆಯ ಝಪತಾಳಕ್ಕೆ ಇದೇ ರೀತಿ ಒಗ್ಗುತ್ತದೆ. ಒಂದನೆಯ ತರಗತಿಯಿಂದ ಮೂರನೆಯದರವರೆಗೆ ಹಾಡು ಕುಣಿತಗಳಲ್ಲಿಯೇ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾಗಿ ನಾಡಿಗೆಲ್ಲ ಹಬ್ಬಿತು. ನಾಲ್ಕನೆಯ ತರಗತಿಗೆ ಕಾಲಿಟ್ಟ ಕೂಡಲೇ ಅದೇ ಮಗುವಿನ ಪಾಠದಿಂದ ಹಾಡು ಮಾಯವಾಗಿ, ಎಂಟನೆಯ ತರಗತಿಯಲ್ಲಿ ಪ್ರಸ್ತಾರದ ಗುರುತುಗಳ ರೂಪದಲ್ಲಿ, ದನಿ ಕಳೆದುಕೊಂಡು ಮರಳಿ ಬರುತ್ತದೆ.

ಕಲಿಸುವವರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಗದುಗಿನ ಕಡೆ ನೋಡುವುದು ವಾಡಿಕೆ. ಪಂಚಾಕ್ಷರ ಗವಾಯಿಗಳೂ (1892–1944) ಅವರ ನಂತರ ಪುಟ್ಟರಾಜ ಗವಾಯಿಗಳೂ (1914–2010) ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೆ, ಬಡವರಿಗೆ ಅನ್ನವಿಟ್ಟು ಸಂಗೀತ ಕಲಿಸಿದ್ದು ಕನ್ನಡ ನಾಡು ಮರೆಯುವ ಮಾತಲ್ಲ. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಲ್ಲಿ, ಜನಪದ ಹಾಡುಗಾರನೂ ತೊಗಲುಗೊಂಬೆಯಾಟದವನೂ ಆಗಿದ್ದ ತಂದೆಗೆ ಹುಟ್ಟಿದ ಹುಡುಗ ಆ ಆಶ್ರಮದಲ್ಲಿ ಹನ್ನೆರಡು ವರ್ಷವಿದ್ದು ಗಾಯಕ ಎಂ. ವೆಂಕಟೇಶಕುಮಾರ್ ಆದದ್ದು ಕಲಬುರಗಿಯೂ ಸೇರಿರುವ ಇದೇ ಕಲ್ಯಾಣ ಕರ್ನಾಟಕದ ಕಥೆ. ಆದರೆ ಈ ಉದಾಹರಣೆಯನ್ನು ಎಚ್ಚರದಿಂದ ಬಳಸಬೇಕು. ಮಠ ತನ್ನ ಬಾಗಿಲಿಗೆ ಬಂದ ಮಗುವನ್ನು ಕೈಹಿಡಿಯುತ್ತದೆ. ಬಾರದ ಮಗುವಿನ ಹೊಣೆ ಅದರದಲ್ಲ. ಆ ಹೊಣೆ ಹೊರಬೇಕಾದದ್ದು ಪ್ರತಿ ಊರಲ್ಲಿಯೂ ಬಾಗಿಲಿರುವ ಏಕೈಕ ಸಂಸ್ಥೆ, ಸರ್ಕಾರಿ ಶಾಲೆ. ಅದಕ್ಕೆ ಬೇಕಾದದ್ದು ಮಹಾಗಾಯಕರನ್ನು ತಯಾರಿಸುವ ಗುರುಕುಲವಲ್ಲ, ಎಲ್ಲ ಮಕ್ಕಳೂ ಶ್ರುತಿಗೆ ಸೇರಿ ಹಾಡುವಂತೆ, ಕೇಳಿದ್ದನ್ನು ತಿಳಿದು ಕೇಳುವಂತೆ ಮಾಡುವ ಸಾಧಾರಣ ಪಾಠ.

ಅಂಥ ಪಾಠಕ್ಕೆ ಬೇಕಾದ ಸರಕು ಈ ಸೀಮೆಯಲ್ಲಿ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಕಡಕೋಳ ಮಡಿವಾಳಪ್ಪನಿಂದ ಮೊದಲ್ಗೊಂಡು ಊರೂರಿನ ತತ್ವಪದಕಾರರು ಏಕತಾರಿ, ದಮ್ಮಡಿ, ತಾಳಗಳ ಮೇಲೆ ಹಾಡಿಕೊಂಡು ಬಂದ ಪದಗಳು, ಮೊಹರಮ್ಮಿನಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳು, ಕಣದ ಹಂತಿ ಪದ, ಮದುವೆಯ ಸೋಬಾನ, ಬೀಸುವ ಪದ ಇವೆಲ್ಲ ಕಡಿಮೆ ಸ್ವರಗಳಲ್ಲಿ, ಗಟ್ಟಿ ಲಯದಲ್ಲಿ ಕಟ್ಟಿರುವುದರಿಂದ ಮಕ್ಕಳ ದನಿಗೆ ತಾವಾಗಿಯೇ ಒದಗುತ್ತವೆ. ಬೀಸುಕಲ್ಲಿನ ಮುಂದಿನ ಹಾಡು ಕನ್ನಡದ ಸೊತ್ತು ಮಾತ್ರವೂ ಅಲ್ಲ; ಬಿಜಾಪುರದ ಸೂಫಿ ಪರಂಪರೆಯವರು ದಖನಿ ಭಾಷೆಯಲ್ಲಿ ‘ಚಕ್ಕಿನಾಮಾ’ ಎಂಬ ಹಾಡಿನ ಪ್ರಕಾರವನ್ನೇ ಬೆಳೆಸಿ, ಹಿಟ್ಟು ಬೀಸುವ ಹೆಂಗಸರ ಬಾಯಿಗೆ ತತ್ವವನ್ನು ಮುಟ್ಟಿಸಿದ್ದರು. ಕನ್ನಡ ಮಾಧ್ಯಮದ ಮತ್ತು ಉರ್ದು ಮಾಧ್ಯಮದ ಶಾಲೆಗಳು ಒಂದೇ ಕಾಂಪೌಂಡಿನಲ್ಲಿಯೂ ಇರುವ ಕಲಬುರಗಿಯಲ್ಲಿ, ಎರಡೂ ಕಡೆಯ ಮಕ್ಕಳು ಒಂದೇ ತಾಳದಲ್ಲಿ ಬೀಸುವ ಪದವನ್ನೂ ಚಕ್ಕಿನಾಮಾವನ್ನೂ ಕಲಿಯುವುದು ಕಷ್ಟದ ಕೆಲಸವಲ್ಲ. 20ನೆಯ ಶತಮಾನದಲ್ಲಿ ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊದಾಯ್, ಬೇಲಾ ಬಾರ್ತೋಕರ ಜೊತೆ ಹಳ್ಳಿ ಹಾಡುಗಳನ್ನು ಸಂಗ್ರಹಿಸಿ ಮುಂದೆ ಅವನ್ನೇ ಶಾಲೆಯ ಸಂಗೀತದ ಮೊದಲ ಪಾಠವಾಗಿ ಮಾಡಿದ್ದೂ ಇದೇ ತಿಳಿವಳಿಕೆಯಿಂದ. ಅವನ ಹುಟ್ಟೂರು ಕೆಚ್ಕೆಮೇತಿನಲ್ಲಿ 1950ರಲ್ಲಿ ದಿನವೂ ಹಾಡಿನ ಅವಧಿಯಿರುವ ಪ್ರಾಥಮಿಕ ಶಾಲೆ ಆರಂಭವಾಯಿತು. ಎರವಲು ತಂದ ಹಾಡಿಗಿಂತ ತಾಯಿಯ ಬಾಯಲ್ಲಿ ಕೇಳಿದ ಹಾಡಿನ ಸ್ವರ ಮಗುವಿಗೆ ಬೇಗ ಗುರುತು ಸಿಗುತ್ತದೆಂಬುದು ಅವನ ನೆಚ್ಚಿಕೆಯಾಗಿತ್ತು.

ಈ ಸರಕಿನಲ್ಲಿ ಎರಡು ಮುಳ್ಳುಗಳಿವೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ; ಈ ನೆಲದ ಹಾಡುಗಳಲ್ಲಿ ದೇವರು ಬಾರದ ಹಾಡು ಹುಡುಕಿದರೂ ಸಿಗುವುದು ಕಷ್ಟ. ಭಜನೆಯನ್ನು ಭಜನೆಯಾಗಿ ಮಾಡಿಸುವುದಕ್ಕೂ, ಒಂದು ಪದವನ್ನು ಅದರ ಧಾಟಿ, ತಾಳ, ಕಾಲ, ಕವಿ ಇವುಗಳೊಂದಿಗೆ ಪಾಠವಾಗಿ ಕಲಿಸುವುದಕ್ಕೂ ಇರುವ ವ್ಯತ್ಯಾಸ ತಿಳಿದ ಶಿಕ್ಷಕರಿದ್ದರೆ ಈ ತೊಡಕು ಬಿಡಿಸಿಕೊಳ್ಳುತ್ತದೆ, ಕನ್ನಡ ಪಠ್ಯದಲ್ಲಿ ವಚನ, ಕೀರ್ತನೆಗಳನ್ನು ಕಲಿಸುವಾಗ ಬಿಡಿಸಿಕೊಂಡಂತೆಯೇ. ಎರಡನೆಯ ಮುಳ್ಳು ಇನ್ನೂ ಆಳವಾಗಿ ನೆಟ್ಟಿದೆ. ಹಲಗೆ ಯಾರು ಬಾರಿಸಬೇಕು, ಚೌಡಿಕೆ ಯಾರ ಕೈಯಲ್ಲಿರಬೇಕು ಎಂಬುದನ್ನು ಜಾತಿ ಗೊತ್ತುಮಾಡಿದೆ. ಹಾಡುವ ಹೆಣ್ಣಿನ ಬಗ್ಗೆ ಸಮಾಜ ಆಡಿಕೊಂಡ ಮಾತುಗಳಿಂದಾಗಿ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ದನಿ ಅಡಗಿದೆ. ಗಣರಾಜ್ಯೋತ್ಸವದ ಮೆರವಣಿಗೆಗೆ ಹಲಗೆ ಬೇಕಾದಾಗ ಒಂದು ಓಣಿಯ ಹುಡುಗರನ್ನೇ ಕರೆದು ನಿಲ್ಲಿಸುವ ಶಾಲೆ ಕಲೆಯನ್ನು ಗೌರವಿಸಿದಂತೆ ಕಂಡರೂ ಹಳೆಯ ಪಾಠವನ್ನೇ ಮತ್ತೆ ಹೇಳಿಕೊಟ್ಟಂತಾಗುತ್ತದೆ. ಹಲಗೆಯನ್ನು ಬೆಂಕಿಗೆ ಹಿಡಿದು ಬಿಸಿ ಮಾಡಿ ಚರ್ಮದ ಬಿಗಿ ತರುವುದು, ಎಡಗೈಯ ತೆಳುಕಡ್ಡಿಗೂ ಬಲಗೈಯ ಕೋಲಿಗೂ ಇರುವ ಕೆಲಸದ ಹಂಚಿಕೆ, ನಾದ ಹುಟ್ಟುವ ಜಾಗ ಇವು ವಿದ್ಯೆ. ವಿದ್ಯೆಯೆಂದ ಮೇಲೆ ತರಗತಿಯ ನಲವತ್ತು ಮಕ್ಕಳಿಗೂ ಸರದಿಯ ಮೇಲೆ ಸೇರತಕ್ಕದ್ದು. ವಾದ್ಯವನ್ನು ಜಾತಿಯಿಂದ ಬಿಡಿಸಿ ಎಲ್ಲರ ಕೈಗೆ ಕೊಡಬಲ್ಲ ಜಾಗ ಊರಿನಲ್ಲಿ ಬೇರೆ ಯಾವುದೂ ಇಲ್ಲ.

ಹುದ್ದೆಯ ವಿಷಯಕ್ಕೆ ಮರಳಿದರೆ, ಅಮೆರಿಕದ ಬಾಸ್ಟನ್ ನಗರದ ಒಂದು ಪ್ರಸಂಗ ಇಲ್ಲಿ ನೆರವಿಗೆ ಬರುತ್ತದೆ. ಲೊವೆಲ್ ಮೇಸನ್ ಎಂಬ ಸಂಗೀತ ಶಿಕ್ಷಕ ಅಲ್ಲಿನ ಒಂದು ಸಾರ್ವಜನಿಕ ಶಾಲೆಯಲ್ಲಿ 1837ರಿಂದ ಒಂದು ವರ್ಷ ಸಂಬಳವಿಲ್ಲದೆ ಕಲಿಸಿ, ಮಕ್ಕಳಿಂದ ಹಾಡಿಸಿ ತೋರಿಸಿದ ಮೇಲೆ, 1838ರಲ್ಲಿ ನಗರದ ಶಾಲಾ ಸಮಿತಿ ಸಂಗೀತವನ್ನು ವಿಷಯವಾಗಿ ಒಪ್ಪಿ ಅವನನ್ನು ನೇಮಿಸಿತು. ಉಚಿತ ಸೇವೆ ಒಂದು ವರ್ಷಕ್ಕೆ ಮುಗಿದು ಸಂಬಳದ ಹುದ್ದೆಯಾಯಿತೆಂಬುದೇ ಈ ಪ್ರಸಂಗದ ತಿರುಳು. ಇಲ್ಲಿ ಆಗುತ್ತಿರುವುದು ತಿರುಗುಮುರುಗು: ಊರಿನ ಹಿರಿಯ ಹಾಡುಗಾರರನ್ನು ರಾಜ್ಯೋತ್ಸವಕ್ಕೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸುವುದರಲ್ಲಿ ವರ್ಷಗಳು ಕಳೆದಿವೆ. ಗೌರವಕ್ಕೆ ಕೊರತೆಯಿಲ್ಲ, ದತ್ತಿಯಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ಈ ಕೊರತೆ ನೀಗಿಸಿಕೊಳ್ಳುವ ದಾರಿಯೊಂದು ಬೇರೆ ಭಾಗಗಳಿಗಿಂತ ಹೆಚ್ಚಾಗಿಯೇ ಇದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿಯಲ್ಲಿಯೇ ಕಚೇರಿಯಿರುವ ಸಂಸ್ಥೆ, ಶಿಕ್ಷಣಕ್ಕೂ ಹಣ ಒದಗಿಸುತ್ತ ಬಂದಿದೆ. ಪ್ರತಿ ಶಾಲೆಗೆ ಒಬ್ಬ ಸಂಗೀತ ಶಿಕ್ಷಕರೆಂದು ಇಂದೇ ಕೇಳುವುದು ಅವಸರದ ಮಾತಾದೀತು. ಒಂದು ಕ್ಲಸ್ಟರಿಗೆ, ಎಂದರೆ ಒಬ್ಬ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಉಸ್ತುವಾರಿಯಲ್ಲಿರುವ ಹತ್ತಿರಹತ್ತಿರದ ಶಾಲೆಗಳ ಗುಂಪಿಗೆ, ಒಬ್ಬರಂತೆ ನೇಮಿಸಿ, ವಾರದ ದಿನಗಳನ್ನು ಶಾಲೆಗಳಿಗೆ ಹಂಚಿ, ನೂರು ಮಕ್ಕಳ ಗೆರೆಯ ಕೆಳಗಿನ ಶಾಲೆಗೂ ತಲುಪುವಂತೆ ಮಾಡುವುದು ಆಗುವ ಕೆಲಸ. ಸಂಗೀತದಲ್ಲಿ ಪದವಿ ಪಡೆದವರಿಗೂ, ಪದವಿಯಿಲ್ಲದೆ ಮೂವತ್ತು ವರ್ಷ ತತ್ವಪದ ಹಾಡಿದವರಿಗೂ ಒಂದೇ ಬಾಗಿಲಲ್ಲಿ ಪ್ರವೇಶ ಕೊಡುವುದು ಸರಿಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೊದಲಿನವರು ಮಕ್ಕಳಿಗೆ ಕಲಿಸುವ ಕ್ರಮ ಬಲ್ಲವರೆಂದೇನಿಲ್ಲ, ಎರಡನೆಯವರು ಬರೆದಿಡುವ ಕ್ರಮ ಬಲ್ಲವರೆಂದೇನಿಲ್ಲ. ಬೇಸಿಗೆ ರಜೆಯಲ್ಲಿ ಇಬ್ಬರನ್ನೂ ಒಂದೇ ಡಯಟ್‌ನಲ್ಲಿ, ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, ಕೂಡಿಸಿದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಬೇಡವಾದದ್ದು ಒಂದೇ: ವರ್ಷಕ್ಕೆ ಹತ್ತು ತಿಂಗಳ ಗೌರವಧನದ ಮೇಲೆ ಕರೆದು ಮಾರ್ಚಿನಲ್ಲಿ ಕಳುಹಿಸಿಬಿಡುವ ಕ್ರಮ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಬೇರೆ ತಳಿಗಳಿಗಿಂತ ಅದು ಗೊನೆ ಬಿಡಲು ಹೆಚ್ಚು ಕಾಲ ತೆಗೆದುಕೊಳ್ಳುತ್ತದೆಂದು ಅಲ್ಲಿಯ ರೈತರಿಗೆ ಗೊತ್ತು, ಹತ್ತನೆಯ ತಿಂಗಳಿಗೆ ಯಾರೂ ಗಿಡ ಕಡಿಯುವುದಿಲ್ಲ.

ವಾರಕ್ಕೆ ಎರಡು ಅವಧಿ ಸಿಕ್ಕರೆ ಏನು ಮಾಡಬಹುದೆಂಬುದನ್ನು ಅಂದಾಜಿಸುವುದು ಕಷ್ಟವಲ್ಲ. ಜೂನ್, ಜುಲೈನಲ್ಲಿ ಹಾಡೇ ಇಲ್ಲ, ಬರೀ ಕೇಳುವುದು: ಏಕತಾರಿಯ ಒಂದು ಸ್ವರಕ್ಕೆ ಬಾಯಿ ಮುಚ್ಚಿ ದನಿ ಸೇರಿಸುವುದು, ಸೇರಿತೋ ಇಲ್ಲವೋ ಎಂದು ಪಕ್ಕದವರು ಹೇಳುವುದು. ಆಮೇಲೆ ಮೂರು, ನಾಲ್ಕು, ಏಳು ಮಾತ್ರೆಗಳನ್ನು ಕೈಯಲ್ಲಿ ಹಿಡಿಯುವುದು. ದಸರೆಯ ರಜೆಯ ಹೊತ್ತಿಗೆ ಮಧ್ಯಮ ನಿಷಾದಗಳಿಲ್ಲದ ಭೂಪ ರಾಗದ ಐದು ಸ್ವರಗಳು ಮತ್ತು ಅವುಗಳಲ್ಲಿ ಸರಳ ಅಲಂಕಾರಗಳು, ಎಂದರೆ ಸ್ವರಗಳನ್ನು ಗೊತ್ತಾದ ಕ್ರಮದಲ್ಲಿ ಏರಿಳಿಸುವ ಅಭ್ಯಾಸ. ದೀಪಾವಳಿಯ ನಂತರ ಪ್ರತಿ ಮಗುವೂ ತನ್ನ ಮನೆಯಿಂದ, ಅಜ್ಜಿಯಿಂದಲೋ ಅಮ್ಮನಿಂದಲೋ, ಒಂದು ಪದ ಕೇಳಿ ತರುವುದು. ಅದರಲ್ಲಿ ಎಷ್ಟು ಸ್ವರವಿದೆ, ಯಾವ ತಾಳವಿದೆ ಎಂದು ತರಗತಿಯಲ್ಲಿ ಬಿಡಿಸಿ ನೋಡುವುದು. ಸಂಕ್ರಾಂತಿ ಕಳೆದ ಮೇಲೆ ಹಲಗೆಯ ಸರದಿ. ಮುಂದಿನ ಜೂನ್‌ನಲ್ಲಿ ಪ್ರಾರ್ಥನೆಯ ಸಾಲು ನಿಂತಾಗ, ಮೈಕಿನ ಮುಂದಿನ ಹುಡುಗಿ ಬಾಯಿ ತೆರೆಯುವ ಮುನ್ನ ಏಕತಾರಿಯ ತಂತಿಯನ್ನು ಒಮ್ಮೆ ಮೀಟಿ, ತನಗೆ ಹಿತವೆನಿಸಿದ್ದಕ್ಕಿಂತ ಎರಡು ಮನೆ ಕೆಳಗಿನ ಷಡ್ಜವನ್ನು, ಹಿಂದಿನ ಸಾಲಿನ ದನಿ ಒಡೆದ ಹುಡುಗರಿಗೂ ಎಟಕಲೆಂದು, ಹಿಡಿದುಕೊಳ್ಳುತ್ತಾಳೆ.